ಅಲ್ಪಕಾಲದ ಸೇವಾಯಾತ್ರೆಗಳು: ಒಂದು ವಿವೇಚನೆ

ಮಳೆಗಾಲ ಕಳೆದು ದೀಪಾವಳಿ ಸಮೀಪಿಸಿತೆಂದರೆ ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿರುವ ನಮ್ಮ ಸಂಘಸಂಸ್ಥೆಗಳಲ್ಲಿ ಒಂದು ವಿಶೇಷವಾದ ಲವಲವಿಕೆ ಕಂಡುಬರುತ್ತದೆ. ಹಳೆಯ ಬಟ್ಟೆಗಳ ಗಂಟುಗಳು ಕಚೇರಿಯ ಮೂಲೆಯಲ್ಲಿ ರಾಶಿ ಬೀಳುತ್ತವೆ, ಪರಿಚಯದ ವೈದ್ಯರೊಬ್ಬರು ತಮ್ಮ ಒಂದು ಭಾನುವಾರವನ್ನು ಬಿಟ್ಟುಕೊಡಲು ಒಪ್ಪುತ್ತಾರೆ, ಔಷಧದ ಅಂಗಡಿಯವರು ಟಾನಿಕ್ಕಿನ ಸೀಸೆಗಳನ್ನು ಕಳುಹಿಸಿಕೊಡುತ್ತಾರೆ, ಬಸ್ಸೊಂದು ಗೊತ್ತಾಗುತ್ತದೆ. ನಸುಕಿನಲ್ಲಿ ಹೊರಟ ಬಸ್ಸು ಶಹಾಪುರ ಅಥವಾ ಮುರ್ಬಾಡ ತಾಲೂಕಿನ, ಕೆಲವೊಮ್ಮೆ ಇನ್ನೂ ಆಚೆಯ ಜವ್ಹಾರ, ಮೊಖಾಡಗಳ, ಯಾವುದೋ ಒಂದು ಆದಿವಾಸಿ ಪಾಡಾವನ್ನು ಸೇರಿ, ದೀಪ ಹಚ್ಚುವ ಹೊತ್ತಿಗೆ ಹಿಂದಿರುಗುತ್ತದೆ. ಮುಂದಿನ ತಿಂಗಳ ವಾರ್ತಾಪತ್ರದಲ್ಲಿ ಛಾಯಾಚಿತ್ರಸಹಿತವಾಗಿ ವರದಿ ಪ್ರಕಟವಾಗುತ್ತದೆ: ಇಷ್ಟು ಮಂದಿಯ ತಪಾಸಣೆ, ಇಷ್ಟು ಕಂಬಳಿಗಳ ವಿತರಣೆ, ಇಷ್ಟು ಮಕ್ಕಳಿಗೆ ಪಾಟಿಚೀಲ.

ಇದನ್ನು ಪರಿಹಾಸ್ಯ ಮಾಡುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಈ ಲೇಖಕನು ಅಂತಹ ಬಸ್ಸುಗಳಲ್ಲಿ ಅನೇಕ ಸಲ ಕುಳಿತವನೇ. ವರದಿಗಳಲ್ಲಿ ಎರಡು ಮೂರನ್ನು ಬರೆದವನೂ ಹೌದು. ಆದರೆ ಆ ವರದಿಗಳಲ್ಲೆಲ್ಲ ಲೆಕ್ಕಕ್ಕೆ ಬಂದುದು ನಾವು ಕೊಟ್ಟುದೇ ಹೊರತು, ಅಲ್ಲಿ ಉಳಿದುದಲ್ಲ. ಬಸ್ಸು ಹೊರಟುಹೋದ ಮಾರನೆಯ ದಿನ ಆ ಪಾಡಾದಲ್ಲಿ ಏನು ಬದಲಾಗಿತ್ತು? ಮಾರನೆಯ ತಿಂಗಳು? ಹೊರಗಿನಿಂದ ಬಂದು ಕೆಲವು ಗಂಟೆಗಳೋ ಕೆಲವು ದಿನಗಳೋ ಇದ್ದು ಹೋಗುವವರಿಂದ ಆ ಜನಕ್ಕೆ ನಿಜವಾಗಿ ಉಪಕಾರವಾಗುತ್ತದೆಯೇ, ಆಗುವುದಾದರೆ ಯಾವ ನಿಬಂಧನೆಗಳಿಂದ ಆಗುತ್ತದೆ, ಎಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ಈ ಪ್ರಶ್ನೆ ನಮಗೆ ಮಾತ್ರ ಬಂದುದಲ್ಲ. ಅಮೆರಿಕದ ಇಗರ್ಜಿಗಳು ತಮ್ಮ ತರುಣರನ್ನು ವಾರ, ಹತ್ತು ದಿನಗಳ ಮಟ್ಟಿಗೆ ಬಡದೇಶಗಳಿಗೆ ಕಳುಹಿಸಿ, ಮನೆ ಕಟ್ಟಿಸುವ, ಗೋಡೆಗೆ ಬಣ್ಣ ಹಚ್ಚಿಸುವ ‘ಮಿಷನ್ ಯಾತ್ರೆ’ಗಳನ್ನು ಬಹುಕಾಲದಿಂದ ನಡೆಸುತ್ತ ಬಂದಿವೆ. ೧೯೬೮ರಲ್ಲಿಯೇ ಇವಾನ್ ಇಲ್ಲಿಚ್ ಎಂಬ ಚಿಂತಕರು (ಸ್ವತಃ ಪಾದ್ರಿಗಳಾಗಿದ್ದವರು) ಬೇಸಗೆಯ ಸೇವೆಗೆಂದು ಮೆಕ್ಸಿಕೋಗೆ ಹೊರಟ ವಿದ್ಯಾರ್ಥಿಗಳ ಎದುರಿನಲ್ಲಿಯೇ ನಿಂತು, ನೀವು ಬರಬೇಡಿ ಎಂದು ಬಿರುಸಾಗಿ ಹೇಳಿದ್ದರು. ಅದು ಭಾಷಣ. ಲೆಕ್ಕವು ಬಂದುದು ಅನಂತರ. ೧೯೯೮ರಲ್ಲಿ ಮಿಚ್ ಎಂಬ ಚಂಡಮಾರುತವು ಹೊಂಡುರಾಸ್ ದೇಶವನ್ನು ಧ್ವಂಸಗೈದಾಗ, ಮನೆ ಕಳೆದುಕೊಂಡವರಿಗೆ ಕೆಲವೆಡೆ ಅಮೆರಿಕದಿಂದ ಬಂದ ತಂಡಗಳೂ, ಕೆಲವೆಡೆ ಸ್ಥಳೀಯ ಸಂಸ್ಥೆಗಳೇ ಮನೆ ಕಟ್ಟಿಕೊಟ್ಟವು. ಕರ್ಟ್ ವೆರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞರು ಎರಡೂ ಬಗೆಯ ಮನೆಗಳ ಒಕ್ಕಲುಗಳನ್ನು ಕಂಡು ವಿಚಾರಿಸಿ ೨೦೦೬ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮನೆಯನ್ನು ಯಾರು ಕಟ್ಟಿದರೆಂಬುದರಿಂದ ಆ ಕುಟುಂಬಗಳ ಬಾಳಿನಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವೇನೂ ಕಾಣಲಿಲ್ಲ. ಖರ್ಚಿನಲ್ಲಿ ಮಾತ್ರ ಅಜಗಜಾಂತರವಿತ್ತು: ಸುಮಾರು ೨ ಸಾವಿರ ಡಾಲರಿನಲ್ಲಿ ಮುಗಿಯುವ ಮನೆಯೊಂದನ್ನು ಕಟ್ಟಲು ಬಂದ ತಂಡವು ವಿಮಾನದ ದರವೂ ಸೇರಿದಂತೆ ಸುಮಾರು ೩೦ ಸಾವಿರ ಡಾಲರ್ ವೆಚ್ಚಮಾಡಿತ್ತು.

ನಮ್ಮ ಬಸ್ಸಿನ ಬಾಡಿಗೆ ಅಷ್ಟಿಲ್ಲವೆಂದು ಸಮಾಧಾನಪಟ್ಟುಕೊಳ್ಳಬಹುದು. ಆದರೂ ಬಾಡಿಗೆ, ಉಪಾಹಾರ, ಬ್ಯಾನರು, ಹಾರತುರಾಯಿ ಇವುಗಳನ್ನು ಒಂದು ಕಡೆಗೂ, ಪಾಡಾದಲ್ಲಿ ಇಳಿಸಿಬಂದ ಪದಾರ್ಥದ ಬೆಲೆಯನ್ನು ಇನ್ನೊಂದು ಕಡೆಗೂ ಬರೆದು ನೋಡುವ ಅಭ್ಯಾಸ ನಮ್ಮ ಖಜಾಂಚಿಗಳಿಗೆ ಇದ್ದರೆ ಒಳ್ಳೆಯದಿತ್ತು.

ಹಾಗೆಂದು ಅಲ್ಪಕಾಲದ ಯಾತ್ರೆಯಿಂದ ಏನೂ ಸಾಧ್ಯವಿಲ್ಲವೆಂದು ಸಾರುವವರಿಗೆ ಕನ್ನಡಿಗರು ಹೇಳಬಹುದಾದ ಉತ್ತರವೊಂದುಂಟು. ಆ ಉತ್ತರದ ಹೆಸರು ಡಾ. ಎಂ. ಸಿ. ಮೋದಿ. ೧೯೧೬ರಲ್ಲಿ ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಜನಿಸಿದ ಈ ಮಹನೀಯರು ೧೯೪೩ರಿಂದ ಆರಂಭಿಸಿ ಅರ್ಧ ಶತಮಾನಕ್ಕೂ ಮಿಕ್ಕಿ ಊರೂರು ಅಲೆಯುತ್ತ ನೇತ್ರಚಿಕಿತ್ಸಾ ಶಿಬಿರಗಳನ್ನು ನಡೆಸಿದರು. ಒಂದೇ ದಿನ ೮೩೩ ಮಂದಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿದ ಅವರ ಸಾಹಸವೂ, ೧೯೯೩ರ ಆರಂಭದವರೆಗೆ ಅವರ ಕೈಯಿಂದ ನಡೆದ ೬ ಲಕ್ಷ ೧೦ ಸಾವಿರಕ್ಕೂ ಹೆಚ್ಚಿನ ಶಸ್ತ್ರಚಿಕಿತ್ಸೆಗಳೂ ಗಿನ್ನೆಸ್ ದಾಖಲೆಯ ಪುಸ್ತಕವನ್ನು ಸೇರಿದವು. ೧೯೫೬ರಲ್ಲಿ ಪದ್ಮಶ್ರೀ, ೧೯೬೮ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಸಂದವು. ೨೦೦೫ರಲ್ಲಿ ಅವರು ನಿಧನರಾದರು. ಉತ್ತರ ಕರ್ನಾಟಕದಿಂದ ಬಂದ ನಮ್ಮ ಓದುಗರಲ್ಲಿ ಅಜ್ಜನನ್ನೋ ಅಜ್ಜಿಯನ್ನೋ ಚಕ್ಕಡಿಯಲ್ಲಿ ಮೋದಿಯವರ ಶಿಬಿರಕ್ಕೆ ಕರೆದೊಯ್ದ ಕಥೆಯನ್ನು ಮನೆಯಲ್ಲಿ ಕೇಳದವರು ವಿರಳ.

ಶಾಲೆಯ ಕೊಠಡಿಗಳೇ ಆಸ್ಪತ್ರೆ. ಸಾಲಾಗಿ ಮಲಗಿಸಿದ ರೋಗಿಗಳ ನಡುವೆ ವೈದ್ಯರು ಒಬ್ಬರಾದ ಮೇಲೊಬ್ಬರನ್ನು ಮುಗಿಸುತ್ತ ನಡೆಯುವರು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಮುದುಕರು ಕೆಲವು ದಿನ ಅಲುಗಾಡದೆ ಮಲಗಿರಬೇಕು; ಅವರಿಗೆ ಗಂಜಿ ಕುಡಿಸಿ, ಕೈಹಿಡಿದು ಹೊರಗೆ ಕರೆದೊಯ್ದು ಕರೆತರುವವರು ಊರಿನ ತರುಣರು. ಪಟ್ಟಿ ಬಿಚ್ಚಿದ ದಿನ ಮೊಮ್ಮಗನ ಮುಖ ಕಂಡವರ ಸಂತೋಷಕ್ಕೆ ಯಾವ ವರದಿಯ ಸಾಕ್ಷಿಯೂ ಬೇಕಾಗಿರಲಿಲ್ಲ.

ಈ ಯಾತ್ರೆ ಫಲಿಸಿದುದೇಕೆ? ವೈದ್ಯರ ಅಸಾಧಾರಣವಾದ ಕೈಗುಣ, ನಿಸ್ಪೃಹತೆಗಳನ್ನು ಒಪ್ಪಿಯೇ ಹೇಳಬೇಕಾದ ಎರಡು ಕಾರಣಗಳಿವೆ. ಮೊದಲನೆಯದು, ಆ ರೋಗದ ಸ್ವಭಾವ. ಪೊರೆಯು ಕೆಲವೇ ನಿಮಿಷಗಳ ಶಸ್ತ್ರಕ್ರಿಯೆಯಿಂದ ಹೋಗತಕ್ಕದ್ದು. ಒಮ್ಮೆ ತೆಗೆದ ಮಸೂರ ಮತ್ತೆ ಬೆಳೆದು ಕುರುಡು ತರುವುದಿಲ್ಲ. ಬಂದು ಹೋಗುವವನ ಕಾಲಾವಧಿಗೂ ಕೆಲಸದ ಕಾಲಾವಧಿಗೂ ಇಲ್ಲಿ ಹೊಂದಾಣಿಕೆಯಿದೆ. ಎರಡನೆಯದು, ಊರಿನವರ ಪಾತ್ರ. ಶಿಬಿರವನ್ನು ಕರೆಸುವವರು ಅಲ್ಲಿನವರೇ. ಜಾಗ, ಅನ್ನ, ಆರೈಕೆ ಅವರವೇ. ವೈದ್ಯರು ಹೊರಟುಹೋದ ಮೇಲೆ ರೋಗಿಯನ್ನು ನೋಡಿಕೊಳ್ಳುವವರೂ ಅವರೇ. ಅತಿಥಿಯು ತರುವುದು ಊರಿನಲ್ಲಿ ಇಲ್ಲದ ಒಂದೇ ಒಂದು ವಸ್ತುವನ್ನು, ಎಂದರೆ ಶಸ್ತ್ರವೈದ್ಯನ ಕೈಯನ್ನು.

ಇಷ್ಟು ಚೊಕ್ಕವಾದ ಕಾರ್ಯದಲ್ಲಿಯೂ ಮಾರನೆಯ ದಿನದ ಸಮಸ್ಯೆ ತಪ್ಪಲಿಲ್ಲವೆಂಬುದು ಗಮನಾರ್ಹ. ಹಳೆಯ ಪದ್ಧತಿಯಲ್ಲಿ ಮಸೂರವನ್ನು ಪೂರ್ತಿಯಾಗಿ ತೆಗೆದು, ಅದರ ಬದಲಿಗೆ ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ಹೊಲದಲ್ಲಿ ದುಡಿಯುವ ಮುದುಕನ ಕನ್ನಡಕ ಒಂದು ದಿನ ಬಿದ್ದು ಒಡೆಯುತ್ತದೆ. ಹೊಸದನ್ನು ಕೊಡುವವರು ಇಲ್ಲ. ಶಿಬಿರ ಎಂದೋ ಎದ್ದುಹೋಗಿದೆ. ಶಸ್ತ್ರಚಿಕಿತ್ಸೆ ಯಶಸ್ವಿಯಾದ ಕಣ್ಣು ಕನ್ನಡಕವಿಲ್ಲದೆ ಮತ್ತೆ ಕತ್ತಲೆಗೆ ಹೋಗುತ್ತದೆ. ಇದಕ್ಕಿಂತ ಘೋರವಾದುದು ೧೯೮೬ರಲ್ಲಿ ಉತ್ತರ ಪ್ರದೇಶದ ಖುರ್ಜಾದಲ್ಲಿ ನಡೆಯಿತು. ಅಲ್ಲಿನ ಒಂದು ಶಿಬಿರದಲ್ಲಿ ೧೦೮ ಮಂದಿಗೆ ಶಸ್ತ್ರಚಿಕಿತ್ಸೆಯಾಯಿತು. ಅವರಲ್ಲಿ ಪೊರೆ ತೆಗೆಸಿಕೊಂಡ ೮೮ ಮಂದಿಯ ಪೈಕಿ ೮೪ ಮಂದಿಯ ಕಣ್ಣು ಸೋಂಕಿನಿಂದ ಶಾಶ್ವತವಾಗಿ ಕೆಟ್ಟುಹೋಯಿತು. ಕಣ್ಣು ತೊಳೆಯಲು ಬಳಸಿದ ಲವಣದ್ರಾವಣವೇ ಮಲಿನವಾಗಿತ್ತೆಂದು ಕಂಡುಬಂದಿತು. ಪ್ರಕರಣವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ೧೯೮೯ರಲ್ಲಿ ತೀರ್ಮಾನವಾಯಿತು. ಪೀಠದಲ್ಲಿದ್ದವರಲ್ಲಿ ನಮ್ಮ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರೂ ಒಬ್ಬರು. ಕಣ್ಣು ಕಳೆದುಕೊಂಡವರಿಗೆ ಪರಿಹಾರ ವಿಧಿಸಿದುದಲ್ಲದೆ, ಇಂತಹ ಶಿಬಿರಗಳನ್ನು ನಡೆಸುವವರು ಪಾಲಿಸಬೇಕಾದ ನಿಯಮಗಳ ವಿಷಯವೂ ಅಲ್ಲಿ ಚರ್ಚೆಗೆ ಬಂದಿತು. ಆ ಶಿಬಿರ ಧರ್ಮಾರ್ಥವಾದುದು. ಯಾರೊಬ್ಬರ ಉದ್ದೇಶವೂ ಕೆಟ್ಟುದಾಗಿರಲಿಲ್ಲ.

೧೯೯೦ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಯೋಜನೆಯ ಕಾಲಕ್ಕೆ ಸರ್ಕಾರವೇ ಶಾಲಾಕೊಠಡಿಯ ಶಸ್ತ್ರಚಿಕಿತ್ಸೆಯನ್ನು ಬಿಟ್ಟು ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಕಡೆಗೆ ಹೊರಳಿತು. ೧೯೭೬ರಲ್ಲಿ ಡಾ. ಜಿ. ವೆಂಕಟಸ್ವಾಮಿಯವರು ಸ್ಥಾಪಿಸಿದ ಮಧುರೆಯ ಅರವಿಂದ ಕಣ್ಣಾಸ್ಪತ್ರೆಯವರು ಯಾತ್ರೆಯ ದಿಕ್ಕನ್ನೇ ತಿರುಗಿಸಿದ್ದರು. ಅವರೂ ಹಳ್ಳಿಗೆ ಹೋಗುತ್ತಾರೆ, ಆದರೆ ಪರೀಕ್ಷೆ ಮಾಡಲು ಮಾತ್ರ. ಪೊರೆ ಬಂದವರನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ತಂದು, ಕಣ್ಣಿನೊಳಗೇ ಮಸೂರ ಕೂರಿಸಿ, ಮತ್ತೆ ಊರಿಗೆ ಬಿಡುತ್ತಾರೆ. ಬಸ್ಸು ಅದೇ, ಅದರಲ್ಲಿ ಕುಳಿತವರು ಬೇರೆ.

ಈ ಅಳತೆಗೋಲನ್ನು ಹಿಡಿದು ನಮ್ಮ ಭಾನುವಾರದ ಶಿಬಿರಗಳ ಕಡೆಗೆ ತಿರುಗೋಣ. ನಾವು ಪಾಡಾಗಳಲ್ಲಿ ಕಾಣುವ ಕಾಯಿಲೆಗಳು ಯಾವುವು? ರಕ್ತಹೀನತೆಯೇ ಮೊದಲನೆಯದು. ಅದಕ್ಕೆ ಕಬ್ಬಿಣದ ಮಾತ್ರೆಯನ್ನು ತಿಂಗಳುಗಟ್ಟಲೆ ಸೇವಿಸಬೇಕು. ನಾವು ಹಂಚುವುದು ಹತ್ತು ದಿನದ್ದು. ರಕ್ತದೊತ್ತಡವೆಂದು ಕಂಡುಹಿಡಿದು ಒಂದು ಪಟ್ಟಿ ಮಾತ್ರೆ ಕೊಟ್ಟು ಬರುತ್ತೇವೆ. ಅದು ಜೀವನಪರ್ಯಂತದ ಔಷಧ. ಮಗುವಿನ ಹೊಟ್ಟೆಹುಳುವಿಗೆ ಕೊಟ್ಟ ಗುಳಿಗೆಯನ್ನು ಆರು ತಿಂಗಳಿಗೊಮ್ಮೆ ಮತ್ತೆ ಕೊಡಬೇಕು. ಬಡಕಲು ಮಗುವಿಗೆ ಬೇಕಾದುದು ವಾರವಾರವೂ ತೂಕ ನೋಡಿ, ದಿನಕ್ಕೆ ನಾಲ್ಕಾರು ಸಲ ಉಣಿಸುವ ವ್ಯವಸ್ಥೆ. ಟಾನಿಕ್ಕಿನ ಸೀಸೆಯಿಂದ ಅದು ಪೂರೈಸದು. ಇವು ಯಾವುವೂ ಪೊರೆಯ ಜಾತಿಗೆ ಸೇರಿದವಲ್ಲ. ಬಂದು ಹೋಗುವವನಿಗೆ ಇಲ್ಲಿ ಮುಗಿಸಿಬರುವಂತಹ ಕೆಲಸವೇ ಇಲ್ಲ; ಏನಿದ್ದರೂ ಆರಂಭಿಸಿ ಇನ್ನೊಬ್ಬರಿಗೆ ಒಪ್ಪಿಸಬೇಕಾದ ಕೆಲಸ.

ಒಪ್ಪಿಸಲು ಆ ಇನ್ನೊಬ್ಬರು ಇರಬೇಕು. ೧೯೮೬ರಿಂದ ಗಡಚಿರೋಲಿಯಲ್ಲಿ ನೆಲೆಸಿ ದುಡಿಯುತ್ತಿರುವ ಡಾ. ಅಭಯ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು ಈ ಸಂಗತಿಯನ್ನು ಅಂಕಿಗಳಿಂದಲೇ ಸಿದ್ಧಪಡಿಸಿದರು. ಹಸುಗೂಸುಗಳು ಸಾಯುವುದು ಹೆಚ್ಚಾಗಿ ಹುಟ್ಟಿದ ಮೊದಲ ತಿಂಗಳಿನಲ್ಲಿ, ವೈದ್ಯರಿಲ್ಲದ ಹಳ್ಳಿಯ ಮನೆಯಲ್ಲಿ, ಬಹುಮಟ್ಟಿಗೆ ರಾತ್ರಿಯ ಅಪವೇಳೆಯಲ್ಲಿ. ಆದುದರಿಂದ ಅವರು ಆಯಾ ಹಳ್ಳಿಯ ಅಲ್ಪಸ್ವಲ್ಪ ಓದು ಬಲ್ಲ ಹೆಂಗಸೊಬ್ಬಳಿಗೇ ಶಿಶುವಿನ ಆರೈಕೆಯನ್ನೂ, ಸೋಂಕಿನ ಲಕ್ಷಣಗಳನ್ನು ಗುರುತಿಸಿ ಔಷಧ ಕೊಡುವುದನ್ನೂ ಕಲಿಸಿದರು. ೧೯೯೯ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅವರ ವರದಿಯಂತೆ, ಮೂರನೆಯ ವರ್ಷದ ವೇಳೆಗೆ ಆ ಹಳ್ಳಿಗಳಲ್ಲಿ ನವಜಾತ ಶಿಶುಮರಣವು ನೂರಕ್ಕೆ ೬೨ರಷ್ಟು ಇಳಿದಿತ್ತು. ಡಾಕ್ಟರು ಹಗಲು ಬಂದು ಹೋಗುತ್ತಾರೆ; ಆ ಹೆಂಗಸು ನಡುರಾತ್ರಿ ಅಲ್ಲಿಯೇ ಇರುತ್ತಾಳೆ.

ನಮ್ಮ ಸಮೀಪದ ಜವ್ಹಾರದ ಕಥೆ ಇದಕ್ಕೆ ವಿರುದ್ಧವಾದುದು. ೧೯೯೨-೯೩ರಲ್ಲಿ ಆ ತಾಲೂಕಿನ ವಾವರ-ವಾಂಗಣಿಯಿಂದ ಮಕ್ಕಳು ಅಪೌಷ್ಟಿಕತೆಯಿಂದ ಸಾಯುತ್ತಿರುವ ವಾರ್ತೆ ಬಂದಾಗ ಮಹಾರಾಷ್ಟ್ರವೇ ತಲ್ಲಣಿಸಿತು. ಮಂತ್ರಿಗಳು ಬಂದರು, ಪತ್ರಕರ್ತರು ಬಂದರು, ನಮ್ಮಂತಹವರ ಗಾಡಿಗಳೂ ಹೋದವು. ೨೦೧೬ರಲ್ಲಿ ಪಕ್ಕದ ಮೊಖಾಡದಿಂದ ಮತ್ತೆ ಅಂತಹುದೇ ವಾರ್ತೆ ಬಂದಿತು. ನಡುವೆ ಕಳೆದ ವರ್ಷಗಳು ಇಪ್ಪತ್ತಕ್ಕೂ ಮಿಕ್ಕಿ. ೨೦೧೪ರ ಆಗಸ್ಟಿನಲ್ಲಿ ಜಿಲ್ಲೆ ಒಡೆದು ಆ ತಾಲೂಕುಗಳು ಪಾಲಘರಕ್ಕೆ ಸೇರಿದ್ದವು. ಅಲ್ಲಿಗೆ ಹೋಗಿಬರುವ ಗಾಡಿಗಳ ಸಂಖ್ಯೆ ಬಹುಶಃ ಹೆಚ್ಚಿಯೇ ಇತ್ತು.

ಇಲ್ಲಿ ಸ್ವಂತ ಅನುಭವವೊಂದನ್ನು ನಿವೇದಿಸುವುದಕ್ಕೆ ಓದುಗರ ಅನುಮತಿಯನ್ನು ಬೇಡುತ್ತೇನೆ. ಕೆಲವು ವರ್ಷಗಳ ಹಿಂದೆ, ಡಿಸೆಂಬರಿನ ಒಂದು ಭಾನುವಾರ, ನಾವು ಮೂವತ್ತೈದು ಮಂದಿ ಶಹಾಪುರದ ಕಡೆಯ ಕಾತಕರಿಗಳ ಪಾಡಾ ಒಂದಕ್ಕೆ ಹೋಗಿದ್ದೆವು. ಖೈರಮರದ ಕಾಚು ತೆಗೆಯುವ ಪೂರ್ವಕಾಲದ ಕಸುಬಿನಿಂದ ಈ ಜನಕ್ಕೆ ಆ ಹೆಸರು. ಕಾಡು ಕೈತಪ್ಪಿದ ಮೇಲೆ ಕಸುಬೂ ಹೋಯಿತು, ಹೊಲವುಳ್ಳವರು ವಿರಳ. ನಾವು ಕಂಡ ಪಾಡಾದಲ್ಲಿ ಬಹುತೇಕ ಗುಡಿಸಲುಗಳ ಬಾಗಿಲಿಗೆ ಮುಳ್ಳಿನ ತಡಿಕೆ ಆನಿಸಿತ್ತು. ಇದ್ದವರು ಮುದುಕರು, ಇಬ್ಬರು ಬಾಣಂತಿಯರು, ಒಂದಿಷ್ಟು ಮಕ್ಕಳು. ತಂದ ಕಂಬಳಿ ಉಳಿದುಬಿಟ್ಟವು. ಪಾಟಿಚೀಲಗಳೂ ಉಳಿದವು, ಏಕೆಂದರೆ ಶಾಲೆಗೆ ಹೋಗುವ ಪ್ರಾಯದ ಮಕ್ಕಳೇ ಅಲ್ಲಿರಲಿಲ್ಲ. ‘ಜನರಲ್ಲಿ ಉತ್ಸಾಹ ಸಾಲದು’ ಎಂದು ನಮ್ಮವರೊಬ್ಬರು ಬಸ್ಸಿನಲ್ಲಿ ಟೀಕಿಸಿದರು. ನಾನೂ ತಲೆಯಾಡಿಸಿದೆ. ಹೆದ್ದಾರಿಯ ಪಕ್ಕದ ಇನ್ನೊಂದು ಪಾಡಾದಲ್ಲಿ ಉಳಿದುದನ್ನೆಲ್ಲ ಹಂಚಿ ಮುಗಿಸಿದೆವು. ಅಲ್ಲಿ ಅದೇ ತಿಂಗಳು ನಮಗಿಂತ ಮುಂಚೆ ಬೇರೆ ಎರಡು ತಂಡಗಳು ಬಂದುಹೋಗಿದ್ದುದು ತರುವಾಯ ತಿಳಿಯಿತು.

ಜನ ಹೋದುದೆಲ್ಲಿಗೆಂದು ಆ ದಿನ ನಮ್ಮಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದರೂ ಉತ್ತರ ತಿಳಿಯುವಷ್ಟು ಭಾಷೆ ನಮಗಿರಲಿಲ್ಲ. ನಮ್ಮಲ್ಲಿ ಅನೇಕರ ಮರಾಠಿ ಲೋಕಲ್ ಗಾಡಿಯ ಮತ್ತು ತರಕಾರಿಪೇಟೆಯ ಮರಾಠಿ. (ಮಂಗಳೂರಿಗೆ ೧೮೩೪ರಲ್ಲಿ ಬಂದ ಬಾಸೆಲ್ ಮಿಷನ್ನಿನವರ ಮತಪ್ರಚಾರದ ವಿಷಯದಲ್ಲಿ ಯಾರ ಅಭಿಪ್ರಾಯ ಏನೇ ಇರಲಿ, ಅವರು ಮೊದಲು ಮಾಡಿದ ಕೆಲಸ ಜನರ ಮಾತನ್ನು ಕಲಿತುದು. ೧೮೫೩ರಲ್ಲಿ ಬಂದ ಕಿಟೆಲ್ಲರ ನಿಘಂಟು ಅಚ್ಚಾಗಿ ಹೊರಬಂದುದು ೧೮೯೪ರಲ್ಲಿ.) ಜನ ಹೋದುದು ಇಟ್ಟಿಗೆ ಭಟ್ಟಿಗಳಿಗೆ. ಮಳೆಗಾಲದ ಕೊನೆಯಲ್ಲಿ, ಮನೆಯಲ್ಲಿ ಕಾಳು ಮುಗಿದ ಹೊತ್ತಿಗೆ, ಭಟ್ಟಿಯ ಮಾಲೀಕನ ಕಡೆಯವನು ಮುಂಗಡ ಹಣ ಕೊಟ್ಟು ಹೋಗುತ್ತಾನೆ. ದೀಪಾವಳಿ ಕಳೆದ ಮೇಲೆ ಗಂಡ, ಹೆಂಡತಿ, ಮಕ್ಕಳು, ಕೋಳಿ ಸಮೇತ ಹೊರಡುತ್ತಾರೆ. ಮುಂದಿನ ಮಳೆಯವರೆಗೆ ಮಣ್ಣು ತುಳಿದು, ಇಟ್ಟಿಗೆ ಹಾಕಿ, ಮುಂಗಡವನ್ನು ತೀರಿಸುತ್ತಾರೆ. ವಾರದ ಖರ್ಚಿಗೆಂದು ಸಿಗುವ ಹಣವೂ ಅದೇ ಲೆಕ್ಕಕ್ಕೆ ಸೇರುವುದರಿಂದ ಕೆಲವರದು ತೀರುವುದಿಲ್ಲ, ಮುಂದಿನ ವರ್ಷಕ್ಕೆ ನಿಲ್ಲುತ್ತದೆ. ಆ ಭಟ್ಟಿಗಳಿರುವುದು ಎಲ್ಲಿ? ಭಿವಂಡಿಯ ಸುತ್ತ, ಕಲ್ಯಾಣದ ಆಚೆ, ನಮ್ಮ ವಸತಿಗಳು ಬೆಳೆಯುತ್ತಿರುವ ಅಂಚಿನಲ್ಲಿಯೇ. ನಾವು ನಸುಕಿನಲ್ಲೆದ್ದು ಬಸ್ಸು ಹತ್ತಿ ಯಾರನ್ನು ಕಾಣಲು ಹೋಗಿದ್ದೆವೋ ಅವರು ಅದೇ ಹೊತ್ತಿನಲ್ಲಿ ನಮ್ಮ ಊರಿನ ಹಿಂದುಗಡೆಯಲ್ಲಿ ಇಟ್ಟಿಗೆ ಹಾಕುತ್ತಿದ್ದರು. ಆ ಇಟ್ಟಿಗೆಗಳಲ್ಲಿ ಕೆಲವು ನಮ್ಮ ಗೋಡೆಗಳಲ್ಲಿಯೂ ಇರಬಹುದು.

ಬೇನೆಯ ಮೂಲವು ಬಂದು ಹೋಗುವವನ ಕಣ್ಣಿಗೆ ಬೀಳುವುದಿಲ್ಲವೆಂಬುದಕ್ಕೆ ಈ ಜಿಲ್ಲೆಯ ಇತಿಹಾಸದಲ್ಲಿಯೇ ನಿದರ್ಶನಗಳಿವೆ. ಕಸಾರಾ ಮಾರ್ಗದಲ್ಲಿ ಕಲ್ಯಾಣದಿಂದ ಅನತಿದೂರದಲ್ಲಿರುವ ಟಿಟ್‌ವಾಳಾ ನಮಗೆಲ್ಲ ಗಣಪತಿ ದೇವಸ್ಥಾನದಿಂದ ಪರಿಚಿತ. ೧೯೪೫ರ ಜನವರಿಯಲ್ಲಿ ಅಲ್ಲಿ ಮಹಾರಾಷ್ಟ್ರ ಕಿಸಾನ್ ಸಭೆಯ ಅಧಿವೇಶನ ಜರುಗಿತು. ಕೆಲವು ಮಂದಿ ವಾರಲಿಗಳು ಅಲ್ಲಿಗೆ ಬಂದು ತಮ್ಮ ಬವಣೆಯನ್ನು ತೋಡಿಕೊಂಡರು. ಗೋದಾವರಿ ಪರುಳೇಕರರು ಆಮೇಲೆ ಅವರ ಕಾಡುಹಳ್ಳಿಗಳಿಗೆ ಹೋದರು. ಹೋಗಿ ಹಿಂದಿರುಗಲಿಲ್ಲ, ಅವರ ನಡುವೆಯೇ ನಡೆದಾಡುತ್ತ ಉಳಿದರು. ಜಮೀನ್ದಾರನ ಹೊಲದಲ್ಲಿ ಬಿಟ್ಟಿ ದುಡಿಮೆ, ಮದುವೆಗೆಂದು ಪಡೆದ ಸಾಲಕ್ಕೆ ಆಯುಷ್ಯಪೂರ್ತಿ ಜೀತ, ಇವೆಲ್ಲ ಹೊರಕ್ಕೆ ಬಂದುದು ಹಾಗೆ. ಅದೇ ವರ್ಷದ ಮೇ ತಿಂಗಳಲ್ಲಿ ತಲಾಸರಿ ಬಳಿಯ ಝರಿಯಲ್ಲಿ ಸೇರಿದ ಸಭೆಯಿಂದ ವಾರಲಿಗಳ ಹೋರಾಟವು ಹಬ್ಬಿತು. ೧೯೭೦ರಲ್ಲಿ ಪ್ರಕಟವಾಗಿ ೧೯೭೨ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಅವರ ‘ಜೇವ್ಹಾ ಮಾಣೂಸ್ ಜಾಗಾ ಹೋತೋ’ ಎಂಬ ಮರಾಠಿ ಗ್ರಂಥವನ್ನು ನಮ್ಮ ಸೇವಾಯಾತ್ರಿಗಳು ಬಸ್ಸು ಹತ್ತುವ ಮುನ್ನ ಓದುವುದು ಲೇಸು. ಅವರ ರಾಜಕೀಯ ಒಪ್ಪಿಗೆಯಾಗಲಿ ಬಿಡಲಿ, ಆ ವಿವರಗಳಿಗೆ ಬೆಲೆ ಕಡಿಮೆಯಾಗದು.

ಮೂರು ನಾಲ್ಕು ದಶಕಗಳ ತರುವಾಯ ವಸಯಿ ತಾಲೂಕಿನಲ್ಲಿ ವಿವೇಕ ಪಂಡಿತ ಮತ್ತು ವಿದ್ಯುಲ್ಲತಾ ಪಂಡಿತರ ಅನುಭವವೂ ಇದೇ. ವಿಧಾಯಕ ಸಂಸದ್ ಎಂಬ ಸಂಸ್ಥೆಯ ಮೂಲಕ ಗ್ರಾಮಾಭಿವೃದ್ಧಿಯ ಸಾಮಾನ್ಯ ಕಾರ್ಯಕ್ರಮಗಳನ್ನು ಹಿಡಿದು ಹೋದವರಿಗೆ, ಅಲ್ಲಿಯೇ ಇರತೊಡಗಿದ ಮೇಲೆ ಜೀತವು ಇನ್ನೂ ಜೀವಂತವಾಗಿದೆಯೆಂದು ತಿಳಿಯಿತು; ೧೯೮೨ರಲ್ಲಿ ಶ್ರಮಜೀವಿ ಸಂಘಟನೆ ಹುಟ್ಟಿದುದು ಆ ತಿಳಿವಿನಿಂದ. ನೀರಿನ ವಿಷಯವೂ ಬೇರೆಯಲ್ಲ. ಶಹಾಪುರದ ಪಾಡಾಗಳಿಗೆ ಬೇಸಗೆಯಲ್ಲಿ ಟ್ಯಾಂಕರಿನಿಂದ ನೀರು ಬರುವುದನ್ನು ಕಂಡು ಕನಿಕರಪಟ್ಟು ಪ್ಲಾಸ್ಟಿಕ್ ಕೊಡಗಳನ್ನು ಹಂಚಿದವರನ್ನು ನಾನು ಬಲ್ಲೆ. ೧೮೯೨ರಿಂದ ಮುಂಬಯಿಗೆ ನೀರು ಕೊಡುತ್ತಿರುವ ತಾನ್ಸಾ ಜಲಾಶಯ ಅದೇ ತಾಲೂಕಿನದು. ಭಾತ್ಸಾ ಕೂಡ ಅಲ್ಲಿಯದೇ.

ಹಾಗಾದರೆ ಯಾತ್ರಿಕನಿಗೆ ಏನೂ ಲಾಭವಿಲ್ಲವೇ? ಅವನಿಗೆ ಲಾಭವುಂಟು, ಅದು ಚಿಕ್ಕದೂ ಅಲ್ಲ. ೧೯೬೯ರ ಸೆಪ್ಟೆಂಬರ್ ೨೪ರಂದು ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯು, ಸೇವೆಯ ಮೂಲಕ ವಿದ್ಯಾರ್ಥಿಯ ವ್ಯಕ್ತಿತ್ವವನ್ನು ರೂಪಿಸುವುದೇ ತನ್ನ ಗುರಿಯೆಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದೆ. ಏಳು ದಿನದ ಅದರ ಶಿಬಿರದಿಂದ ಹಳ್ಳಿಯೇ ಉದ್ಧಾರವಾಗುತ್ತದೆಂದು ಅದು ಬೀಗುವುದಿಲ್ಲ. ಬಾಬಾ ಆಮಟೆಯವರು ೧೯೬೦ರ ದಶಕದ ಕೊನೆಗೆ ಸೋಮನಾಥದಲ್ಲಿ ಆರಂಭಿಸಿದ ಬೇಸಗೆಯ ಶ್ರಮಶಿಬಿರವೂ ತರುಣರಿಗಾಗಿಯೇ ಇರುವುದು. ಅಲ್ಲಿ ಗುದ್ದಲಿ ಹಿಡಿದ ಸಾವಿರಾರು ಮಂದಿಯಲ್ಲಿ ಬಹುಪಾಲು ಜನ ಮನೆಗೆ ಮರಳಿದರು; ಕೆಲವರು ಬದುಕಿನ ದಿಕ್ಕನ್ನೇ ಬದಲಿಸಿಕೊಂಡರು. ಕಲಿಯಲು ಬಂದಿದ್ದೇವೆಂದು ಹೇಳಿ ಬರುವವನಿಂದ ಊರಿಗೆ ಉಪದ್ರವ ಕಡಿಮೆ. ಕೊಡಲು ಬಂದಿದ್ದೇವೆಂದು ಹೇಳಿ, ಕಲಿತು, ಛಾಯಾಚಿತ್ರ ತೆಗೆಸಿಕೊಂಡು ಹೋಗುವುದರಲ್ಲಿಯೇ ಲೆಕ್ಕ ತಪ್ಪುವುದು.

ಇನ್ನು ನಮ್ಮ ಸಂಘಗಳಿಗೆ ಸಂಬಂಧಿಸಿದ ಮಾತು. ದೂರದ ಪಾಡಾಗಳಿಗೆ ಹೋಗಲೇಬಾರದೆಂದು ನಾನು ವಾದಿಸುವುದಿಲ್ಲ. ಅಲ್ಲಿ ವರ್ಷಪೂರ್ತಿ ಇರುವವರು, ಆಶಾ ಕಾರ್ಯಕರ್ತೆಯೋ ಅಂಗನವಾಡಿಯ ಶಿಕ್ಷಕಿಯೋ ನೆಲೆಸಿ ದುಡಿಯುವ ಸಂಸ್ಥೆಯವರೋ, ಇಂತಹ ದಿನ ಇಂತಹ ತಜ್ಞರು ಬೇಕೆಂದು ಕರೆದರೆ ಹೋಗಬೇಕು. ದಂತವೈದ್ಯರು ಒಂದು ದಿನದಲ್ಲಿ ಕೀಳಬಹುದಾದ ಹಲ್ಲು, ನೇತ್ರತಜ್ಞರು ಒಂದು ದಿನದಲ್ಲಿ ಗುರುತಿಸಬಹುದಾದ ಪೊರೆ ಇವೆ; ಆಸ್ಪತ್ರೆಗೆ ಕರೆತರುವ ಬಸ್ಸಿನ ಬಾಡಿಗೆ ಕೊಡುವುದಕ್ಕೂ ಜನ ಬೇಕು. ಕರೆಯಿಲ್ಲದೆ, ನಮ್ಮ ರಜೆಯ ಅನುಕೂಲ ನೋಡಿ ದಿನ ಗೊತ್ತುಮಾಡುವ ಪದ್ಧತಿಯನ್ನು ಬಿಡುವುದು ಅಗತ್ಯ.

ಆದರೆ ಕಾರ್ಯವನ್ನೇ ಆರಿಸಿಕೊಳ್ಳುವ ಸ್ವಾತಂತ್ರ್ಯವಿದ್ದಲ್ಲಿ, ನಮ್ಮವರಿಗೆ ಮುಂಬಯಿಯಲ್ಲಿ ಆದ ಉಪಕಾರವನ್ನು ನೆನೆಯುವುದು ಉಚಿತ. ದಕ್ಷಿಣ ಕನ್ನಡದಿಂದ ಹನ್ನೆರಡು ಹದಿಮೂರರ ಪ್ರಾಯದಲ್ಲಿ ಬಂದು ಹೋಟೆಲುಗಳಲ್ಲಿ ಕಪ್ಪುಬಸಿ ತೊಳೆಯುತ್ತಿದ್ದ ಹುಡುಗರನ್ನು ಮನುಷ್ಯರನ್ನಾಗಿಸಿದುದು ಕನ್ನಡ ರಾತ್ರಿಶಾಲೆಗಳು. ವರ್ಷಕ್ಕೊಮ್ಮೆ ಮಿಠಾಯಿ ಹಂಚಿದ ದಾನಿಗಳ ಹೆಸರು ಯಾರಿಗೂ ನೆನಪಿಲ್ಲ. ದಿನದ ನೌಕರಿ ಮುಗಿಸಿ ಪ್ರತಿ ಸಂಜೆ ಬಂದು ಹಲಗೆಯೆದುರು ನಿಂತ ಮಾಸ್ತರರ ಹೆಸರನ್ನು ಇಂದಿನ ಹೋಟೆಲು ಮಾಲೀಕರೂ ವಕೀಲರೂ ಬ್ಯಾಂಕ್ ಅಧಿಕಾರಿಗಳೂ ಈಗಲೂ ಕೈಮುಗಿದು ಹೇಳುತ್ತಾರೆ. ಹುಡುಗನ ಬಿಡುವಿನ ವೇಳೆಗೆ ಶಾಲೆ ತೆರೆಯಿತು. ಶಾಲೆಯ ವೇಳೆಗೆ ಹುಡುಗ ಬರಲೆಂದು ಕಾಯಲಿಲ್ಲ. ೧೯೪೫ರಲ್ಲಿ ತಾರಾಬಾಯಿ ಮೋಡಕರೊಡನೆ ಬೋರ್ಡಿಗೆ ಬಂದು, ೧೯೫೭ರಲ್ಲಿ ಕೋಸಬಾಡದ ಗುಡ್ಡಕ್ಕೆ ನೆಲೆ ಬದಲಿಸಿ, ೧೯೯೨ರಲ್ಲಿ ಕಣ್ಣುಮುಚ್ಚುವವರೆಗೂ ಆದಿವಾಸಿ ಮಕ್ಕಳಿಗೆ ಕಲಿಸಿದ ಅನುತಾಯಿ ವಾಘರು ಮಾಡಿದುದೂ ಅದನ್ನೇ: ದನ ಮೇಯಿಸುವ ಮಕ್ಕಳು ಶಾಲೆಗೆ ಬಾರದಾದಾಗ ಶಾಲೆಯನ್ನೇ ಹುಲ್ಲುಗಾವಲಿಗೆ ಒಯ್ದರು.

ಇಟ್ಟಿಗೆ ಭಟ್ಟಿಯ ಮಕ್ಕಳ ವಿಷಯದಲ್ಲಿಯೂ ಅಂತಹ ಪ್ರಯೋಗ ಈ ಸೀಮೆಯಲ್ಲಿ ನಡೆದಿದೆ. ವಲಸೆಯ ಕುಟುಂಬಗಳು ಭಟ್ಟಿಯ ಬಳಿ ಹೂಡುವ ಗುಡಿಸಲಿಗೆ ಇಲ್ಲಿ ‘ಭೋಂಗಾ’ ಎನ್ನುತ್ತಾರೆ. ವಿಧಾಯಕ ಸಂಸದ್‌ನವರು ಅಂತಹುದೇ ಗುಡಿಸಲಿನಲ್ಲಿ, ಭಟ್ಟಿಯ ಋತುವಿನುದ್ದಕ್ಕೂ ‘ಭೋಂಗಾ ಶಾಲೆ’ಗಳನ್ನು ನಡೆಸಿ, ಊರಿನ ಶಾಲೆಯಿಂದ ಕಿತ್ತುಬಂದ ಮಕ್ಕಳ ವರ್ಷ ನಷ್ಟವಾಗದಂತೆ ನೋಡಿಕೊಂಡರು. ಒಂದು ಭಟ್ಟಿಗೆ ಒಬ್ಬ ಮಾಸ್ತರ, ಒಂದು ಚಾಪೆ, ಒಂದು ಕರಿಹಲಗೆ, ದಿನಕ್ಕೆ ಎರಡು ಮೂರು ಗಂಟೆ, ನವೆಂಬರಿನಿಂದ ಮೇ ತಿಂಗಳವರೆಗೆ. ಒಬ್ಬರಿಂದಾಗದಿದ್ದರೆ ಆರು ಮಂದಿ ವಾರದ ಆರು ಸಂಜೆಗಳನ್ನು ಹಂಚಿಕೊಳ್ಳಬಹುದು. ನಮ್ಮ ಸಂಘಗಳಲ್ಲಿ ನಿವೃತ್ತ ಶಿಕ್ಷಕರ ಕೊರತೆಯಿಲ್ಲ. ಕಳೆದ ಚಳಿಗಾಲದಲ್ಲಿ ಕಲ್ಯಾಣದ ಆಚೆಯ ಒಂದು ಭಟ್ಟಿಗೆ ನಾನು ಹೋಗಿಬಂದೆ. ಶಹಾಪುರದ ಕಡೆಯ ಮಕ್ಕಳು ಹನ್ನೊಂದು ಮಂದಿ ಇದ್ದರು. ಮನೆಯಿಂದ ರಿಕ್ಷಾದಲ್ಲಿ ಇಪ್ಪತ್ತೈದು ನಿಮಿಷದ ದಾರಿ.